ಗುರಿ ಐವತ್ತಮೂರು

೧೯೪೧ರ ಮಾರ್ಚ್ ೧೧, ಮಂಗಳವಾರ, ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷ. ಬೆಳಗಿನಿಂದ ಸತಾಯಿಸುತ್ತಿದ್ದ ಕೊನೆಯ ಅಕ್ಷರಗಳ ಗುಂಪು ಹೆಸ್ಟರ್ ವೈಬ್ರೋಳ ಪೆನ್ಸಿಲಿನಡಿ ಬಿಡಿಸಿಕೊಂಡಿತು. ಜರ್ಮನ್ನರ ಆ ಗುಪ್ತಸಂದೇಶದಲ್ಲಿ ಒಟ್ಟು ಇದ್ದದ್ದು ಮೂರೇ ಸಂಗತಿ. ಗುರಿ ಐವತ್ತಮೂರು, ಸಮುದ್ರದಾಚೆ ಪೂರ್ವದ ಕೇಂದ್ರದಿಂದ ಹೊರಡುವ ರೇಡಿಯೋ ಕಿರಣದ ಕೋನ, ದಕ್ಷಿಣದ ಕೇಂದ್ರದಿಂದ ಹೊರಡುವ ಕಿರಣದ ಕೋನ. ಜರ್ಮನ್ ವಿಮಾನಗಳು ಒಂದು ಕಿರಣದ ಜಾಡು ಹಿಡಿದು ಬರುತ್ತಿದ್ದವು. ಇನ್ನೊಂದು ಕಿರಣ ಅಡ್ಡ ಬಂದಲ್ಲಿ ಬಾಂಬು ಬೀಳುತ್ತಿತ್ತು.

ಅವಳು ಗೋಡೆಯ ಪಕ್ಕದ ಮರದ ಪೆಟ್ಟಿಗೆ ಎಳೆದು ಕಾರ್ಡುಗಳನ್ನು ತಿರುವಿದಳು. ಪ್ರತಿ ದಾಳಿಯ ಮರುದಿನ, ಯಾವ ಸಂಖ್ಯೆಗೆ ಯಾವ ಊರು ಎಂದು ಅದರಲ್ಲಿ ಬರೆದಿಡುತ್ತಿದ್ದರು. ಐವತ್ತೆರಡು ಇತ್ತು, ಐವತ್ತನಾಲ್ಕು ಇತ್ತು. ಐವತ್ತಮೂರು ಇರಲಿಲ್ಲ. ಹೊಸ ಊರು. ಇನ್ನು ಕೋನಗಳೇ ಗತಿ.

ಗೆರೆ ಎಳೆಯುವ ಕೆಲಸ ಕ್ಯಾಡ್ವೆಲ್‌ರದು. ಅರವತ್ತು ದಾಟಿದ ಮನುಷ್ಯ, ನೌಕಾಪಡೆಯಲ್ಲಿ ದಾರಿ ತೋರಿಸುವ ಅಧಿಕಾರಿಯಾಗಿದ್ದು ನಿವೃತ್ತರಾದವರು. ಎಲ್ಲರೂ ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. ಒಬ್ಬರು ಎಳೆದದ್ದನ್ನು ಇನ್ನೊಬ್ಬರು ತಾಳೆ ನೋಡಬೇಕು, ಮೂರೂವರೆಗೆ ಮುಖ್ಯಸ್ಥರಾದ ಡಾಕ್ಟರ್ ಇಂಗ್ರಾಮ್ ಊರಿನ ಹೆಸರನ್ನು ಫೋನಿನಲ್ಲಿ ಹೇಳಬೇಕು. ಕಿರಣವನ್ನು ಕೆಡಿಸುವ ಯಂತ್ರ ಹೊತ್ತ ಲಾರಿಗಳು, ಬೆಂಕಿ ಆರಿಸುವ ಪಂಪುಗಳು ಆಮೇಲಷ್ಟೇ ಹೊರಡುತ್ತಿದ್ದವು. ಅದಕ್ಕಿಂತ ತಡವಾದರೆ ಕತ್ತಲಾಗುವುದರೊಳಗೆ ಅವು ತಲುಪುತ್ತಿರಲಿಲ್ಲ. ಎರಡೂರಿಗೆ ಹಂಚುವಷ್ಟು ಲಾರಿಗಳೂ ಇರಲಿಲ್ಲ.

"ಆಲ್ಡರ್‌ಟನ್," ಎಂದರು ಕ್ಯಾಡ್ವೆಲ್, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತ. "ಟೈರ್ ಕಾರ್ಖಾನೆ ನೆತ್ತಿ ಮೇಲೇ ಕೂತಿದೆ ನೋಡು ಗೆರೆ. ತಾಳೆ ನೋಡಿ ಸಹಿ ಹಾಕ್ಬಿಡು ಮಗಳೇ, ಚಹಾ ಆರ್ತಾ ಇದೆ."

ಹೆಸ್ಟರ್ ಬಗ್ಗಿ ನೋಡಿದಳು. ಕೋನ ಸರಿಯಿತ್ತು, ಗೆರೆ ಕೂದಲಿನಷ್ಟು ಸಣ್ಣಗಿತ್ತು. ಆದರೆ ನಕ್ಷೆ ಬೇರೆ. ಕಿರಣವನ್ನು ನೆಟ್ಟಗೆ ಎಳೆದರೂ ಸರಿಹೋಗುವಂಥ, ಅವರು ಸದಾ ಬಳಸುವ ಹಾಳೆ ಗುಂಡುಸೂಜಿಗಳಿಂದ ಜರಡಿಯಾಗಿ, ಹೊಸ ಹಲಗೆಗೆ ಅಂಟಿಸಲೆಂದು ನಿನ್ನೆ ಹೊರಗೆ ಹೋಗಿತ್ತು. ಬದಲಿಗೆ ಕ್ಯಾಡ್ವೆಲ್ ತಮ್ಮ ಕಪಾಟಿನಿಂದ ಹಡಗಿನವರ ನಕ್ಷೆ ತೆಗೆದು ಹಾಸಿದ್ದರು. ಆ ನಕ್ಷೆಯಲ್ಲಿ ನೇರ ಗೆರೆ ಹಿಡಿದು ಹೋದರೆ ದಿಕ್ಸೂಚಿ ಉದ್ದಕ್ಕೂ ಒಂದೇ ಅಂಕಿ ತೋರಿಸುತ್ತದೆ. ಹಡಗಿಗೆ ಬೇಕಾದದ್ದು ಅದೇ. ರೇಡಿಯೋ ಕಿರಣಕ್ಕೆ ದಿಕ್ಸೂಚಿಯ ಹಂಗಿಲ್ಲ. ಗೋಳದ ಮೇಲೆ ಅದು ಅತಿ ಹತ್ತಿರದ ದಾರಿ ಹಿಡಿಯುತ್ತದೆ. ಪೂರ್ವದಿಂದ ಮುನ್ನೂರು ಮೈಲಿ ದಾಟಿ ಬರುವ ಕಿರಣವನ್ನು ಈ ಹಾಳೆಯ ಮೇಲೆ ಬರೆದರೆ, ಅದು ದಕ್ಷಿಣಕ್ಕೆ ಬಾಗಬೇಕು. ನಲವತ್ತು ವರ್ಷ ಸಮುದ್ರದಲ್ಲಿ ಪಳಗಿದ ಕೈ, ಬಾಗಬೇಕಾದದ್ದನ್ನು ಅಭ್ಯಾಸಬಲದಿಂದ ನೆಟ್ಟಗೆ ಎಳೆದುಬಿಟ್ಟಿತ್ತು.

ಅವಳು ಚೀಟಿಯೊಂದರ ಮೇಲೆ ಲೆಕ್ಕ ಹಾಕಿದಳು. ಮೂರು ಡಿಗ್ರಿ ಚಿಲ್ಲರೆ ವ್ಯತ್ಯಾಸ. ದಕ್ಷಿಣದ ಕಿರಣದ ಗೆರೆಗುಂಟ ಪೆನ್ಸಿಲಿನ ಮೊನೆಯನ್ನು, ಗುರುತು ಹಾಕದೆ, ಹದಿನೆಂಟು ಮೈಲಿ ಕೆಳಗೆ ಜರುಗಿಸಿದಳು. ಅಲ್ಲಿದ್ದ ಊರಿನ ಹೆಸರು ಓದಿದ ಮೇಲೆ ಪೆನ್ಸಿಲನ್ನು ಕಾಗದದಿಂದ ಎತ್ತಲು ಅವಳಿಗೆ ಒಂದು ಗಳಿಗೆ ಹಿಡಿಯಿತು. ಮಾರ್ಲ್‌ಫೋರ್ಡ್.

ತಂಗಿ ಫಿಲಿಸ್ ಹತ್ತು ದಿನದ ಹಿಂದಷ್ಟೇ ಮಾರ್ಲ್‌ಫೋರ್ಡಿಗೆ ಹೋಗಿದ್ದಳು. ಫಿರಂಗಿ ನಳಿಗೆ ಕೊರೆಯುವ ಕಾರ್ಖಾನೆಯಲ್ಲಿ ಕೆಲಸ. ಎರಡು ವರ್ಷದ ಮಗಳನ್ನೂ ಕರೆದೊಯ್ದಿದ್ದಳು.

ಆ ಕೋಣೆಯಲ್ಲೊಂದು ಕಟ್ಟಳೆಯಿತ್ತು. ತಮ್ಮವರು ಎಲ್ಲೆಲ್ಲಿದ್ದಾರೆ ಎಂಬುದನ್ನು ಪ್ರತಿಯೊಬ್ಬರೂ ಕಾರ್ಡಿನಲ್ಲಿ ಬರೆದು ಇಂಗ್ರಾಮ್‌ರಿಗೆ ಕೊಟ್ಟಿರಬೇಕು. ಆ ಊರುಗಳ ಹತ್ತು ಮೈಲಿಯೊಳಗೆ ಗುರಿ ಬಂದರೆ ಪೆನ್ಸಿಲ್ ಇನ್ನೊಬ್ಬರಿಗೆ ಕೊಟ್ಟು ಎದ್ದು ಹೋಗಬೇಕು. ಹೆದರಿದ ಕೈ ತನಗೆ ಬೇಕಾದ ಕಡೆಗೇ ಗೆರೆ ಎಳೆಯುತ್ತದೆ ಎಂಬುದು ಇಂಗ್ರಾಮ್‌ರ ನಂಬಿಕೆ. ಹೆಸ್ಟರಳ ಕಾರ್ಡಿನಲ್ಲಿ ಮಾರ್ಲ್‌ಫೋರ್ಡ್ ಇರಲಿಲ್ಲ. ನಾಳೆ ಬರೆದರಾಯಿತು, ನಾಳೆ ಬರೆದರಾಯಿತು ಎಂದು ಹತ್ತು ದಿನ ಕಳೆದಿದ್ದಳು.

ಈಗ ಬಾಯಿ ಮುಚ್ಚಿಕೊಂಡು ಚೀಟಿ ಮುಂದಿಟ್ಟರೆ ಇಂಗ್ರಾಮ್ ಒಪ್ಪುತ್ತಾರೆ, ಲಾರಿಗಳು ಮಾರ್ಲ್‌ಫೋರ್ಡಿಗೆ ಹೋಗುತ್ತವೆ. ಹೇಳಿದರೆ ತನ್ನ ಲೆಕ್ಕಕ್ಕೆ ಬೆಲೆ ಉಳಿಯುವುದಿಲ್ಲ; ಸಮಯ ಮೀರಿದರೆ ಕ್ಯಾಡ್ವೆಲ್‌ರ ಆಲ್ಡರ್‌ಟನ್ ನಿಲ್ಲುತ್ತದೆ. ಅವಳು ಮತ್ತೊಮ್ಮೆ ಲೆಕ್ಕ ಹಾಕಿದಳು. ಅದೇ ಉತ್ತರ. ಆದರೆ ಎರಡನೆಯ ಸಲ ಕೂಡುವಾಗ ಬರಬೇಕಾದ ಉತ್ತರ ಮೊದಲೇ ಗೊತ್ತಿತ್ತಲ್ಲ? ಆಲ್ಡರ್‌ಟನ್ನಿನಲ್ಲೂ ಎರಡು ವರ್ಷದ ಮಕ್ಕಳಿದ್ದಾರೆ. ಮೂರು ಗಂಟೆಗೆ ಎರಡು ನಿಮಿಷವಿತ್ತು.

ಅವಳು ಎದ್ದು ಇಂಗ್ರಾಮ್‌ರ ಮೇಜಿನ ಮುಂದೆ ನಿಂತು ಎರಡನ್ನೂ ಹೇಳಿದಳು. ಮೊದಲು ನಕ್ಷೆಯ ವಿಷಯ, ಆಮೇಲೆ ತಂಗಿಯ ವಿಷಯ.

ಇಂಗ್ರಾಮ್ ಅವಳು ಕೊಟ್ಟ ಚೀಟಿಯನ್ನು ಓದದೆಯೇ ಮಡಚಿ ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು.

"ಹತ್ತು ದಿನ, ಮಿಸ್ ವೈಬ್ರೋ."

"ಹೌದು ಸರ್."

"ನಿಮ್ಮಂಥವರೇ ಹೀಗೆ ಮಾಡಿದ್ರೆ ನಾನು ಯಾರನ್ನ ನಂಬ್ಲಿ?" ಧ್ವನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು. "ಹೊರಗಡೆ ಇರಿ. ಫೋನ್ ಹತ್ರ ಹೋಗ್ಬೇಡಿ. ಕ್ಯಾಪ್ಟನ್, ನಕ್ಷೆ ಬೇಡ, ಲಾಗ್ ಕೋಷ್ಟಕ ತಗೊಳ್ಳಿ. ಗೋಳದ ಲೆಕ್ಕದಲ್ಲೇ ಹೊಸದಾಗಿ ಮಾಡಿ."

ಕ್ಯಾಡ್ವೆಲ್‌ರ ಕಿವಿ ಕೆಂಪಾಯಿತು. "ಈ ಹುಡುಗಿ ಹುಟ್ಟೋ ಮುಂಚೆ ನಾನು ಹಾರ್ನ್ ಭೂಶಿರ ಸುತ್ತಿ ಬಂದೋನು. ಬಂದರು ಎಲ್ಲೂ ತಪ್ಪಿಸ್ಲಿಲ್ಲ."

"ಬಂದರು ಸಿಕ್ಕಿದ್ದು ಹಡಗಿಗೆ, ಕ್ಯಾಪ್ಟನ್. ಇಪ್ಪತ್ತೆಂಟು ನಿಮಿಷ ಇದೆ."

ಹೊರಗೆ, ಹಳೆಯ ಬಂಗಲೆಯ ಉದ್ದನೆಯ ನಡುಮನೆ. ಕಿಟಕಿಗಳಿಗೆ ಅಂಟುಕಾಗದದ ಪಟ್ಟಿ. ಎದುರು ಗೋಡೆಯಲ್ಲಿ ಟೆಲಿಫೋನ್. ಹೆಸ್ಟರ್ ಕೈಗಳನ್ನು ಉಣ್ಣೆಯ ಅಂಗಿಯ ಜೇಬಿಗೆ ತುರುಕಿ ಬೆಂಚಿನ ಮೇಲೆ ಕೂತಳು. ಕಾರ್ಖಾನೆಯ ಕಚೇರಿಗೆ ಒಂದು ಕರೆ, 'ಅಮ್ಮನಿಗೆ ಹುಷಾರಿಲ್ಲ, ಇವತ್ತೇ ಹೊರಟು ಬಾ' ಎಂಬ ಒಂದು ಸುಳ್ಳು, ಅಷ್ಟು ಸಾಕಿತ್ತು. ಮಾರ್ಲ್‌ಫೋರ್ಡಿನಿಂದ ನಾಲ್ಕೂ ಇಪ್ಪತ್ತಕ್ಕೆ ರೈಲಿದೆ. ಆದರೆ ಆ ಊರಿನಲ್ಲಿ ಉಳಿದ ಎಪ್ಪತ್ತು ಸಾವಿರ ಜನರ ಅಕ್ಕಂದಿರಿಗೆ ಈ ಫೋನಿನ ನಂಬರ್ ಗೊತ್ತಿರಲಿಲ್ಲ. ಅವಳು ಎದ್ದು ನಿಂತಳು. ಎರಡು ಹೆಜ್ಜೆ ನಡೆದಳು. ಮತ್ತೆ ಬಂದು ಕೂತಳು.

ಒಳಗೆ ಪುಟ ಮಗುಚುವ ಸದ್ದು, ಕ್ಯಾಡ್ವೆಲ್ ಅಂಕಿಗಳನ್ನು ಪಿಸುಗುಟ್ಟುವ ಸದ್ದು. ತನ್ನ ಲೆಕ್ಕ ಸರಿಯಾಗಿರಲಿ ಎಂದು ಬೇಡಿಕೊಳ್ಳಬೇಕೋ ತಪ್ಪಾಗಿರಲಿ ಎಂದು ಬೇಡಿಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ. ಸರಿಯಾಗಿದ್ದರೆ ಇವತ್ತು ರಾತ್ರಿ ಬಾಂಬು ಫಿಲಿಸಳ ಊರಿಗೆ. ತಪ್ಪಾಗಿದ್ದರೆ ಹೆದರಿಕೆ ತನ್ನ ತಲೆಯನ್ನೇ ಕೆಡಿಸಿದೆ ಎಂದಾಯಿತು, ಇನ್ನು ಯಾವ ಅಂಕಿಯನ್ನೂ ತಾನು ನಂಬುವಂತಿಲ್ಲ. ಮೂರು ಇಪ್ಪತ್ತಾಯಿತು, ಮೂರು ಇಪ್ಪತ್ತೈದಾಯಿತು. ಇಂಗ್ರಾಮ್ ಫೋನೆತ್ತಿದ ಸದ್ದು ಕೇಳಿಸಿತು. ಹೆಸರು ಹೇಳುವಾಗ ಅವರು ಧ್ವನಿ ತಗ್ಗಿಸಿದ್ದರಿಂದ ಅದೊಂದು ಕೇಳಿಸಲಿಲ್ಲ.

ಬಾಗಿಲು ತೆರೆದು ಕ್ಯಾಡ್ವೆಲ್ ಬಂದರು. ಕೈಯಲ್ಲಿ ನಕ್ಷೆ, ಕೈವಾರ. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಳ್ಳಲಿಲ್ಲ.

"ಮಗು ಹೆಸರೇನು?"

"ರೋಸಲಿಂಡ್."

ಅವರು ತಲೆಯಾಡಿಸಿ ನಕ್ಷೆಯನ್ನು ಇಬ್ಬರ ನಡುವೆ ಹಾಸಿದರು. ಆಲ್ಡರ್‌ಟನ್ ಮೇಲಿದ್ದ ಗೆರೆಯನ್ನು ಉಜ್ಜಿ ಅಳಿಸಿದ್ದರು. ಆ ಜಾಗದಲ್ಲಿ ಕಾಗದ ಎಳೆಎಳೆಯಾಗಿ ಎದ್ದಿತ್ತು. ಕೆಳಗೆ, ಮಾರ್ಲ್‌ಫೋರ್ಡ್ ಎಂಬ ಹೆಸರಿನ ಪಕ್ಕ ಒತ್ತೊತ್ತಾಗಿ ಎರಡು ಚುಕ್ಕಿ. ಕಪ್ಪಗಿನದು ಕ್ಯಾಡ್ವೆಲ್‌ರದು. ನೀಲಿಯದು ಡ್ರಾಯರಿನಿಂದ ಹೊರಬಂದ ಅವಳ ಚೀಟಿಯಿಂದ ಇಂಗ್ರಾಮ್ ಗುರುತು ಮಾಡಿದ್ದು.

"ಲಾರಿ ಹೊರಟಿವೆ," ಎಂದರು ಕ್ಯಾಡ್ವೆಲ್. "ಅಂತರ ನಾನು ಅಳೀಲಿಲ್ಲ. ಅದು ನಿನ್ನ ಕೆಲಸ."

ಹೆಸ್ಟರ್ ಕೈವಾರ ತೆಗೆದುಕೊಂಡಳು. ಒಂದು ಮೊನೆಯನ್ನು ಕಪ್ಪು ಚುಕ್ಕಿಯ ಮೇಲೂ ಇನ್ನೊಂದನ್ನು ನೀಲಿಯ ಮೇಲೂ ಊರಿ, ಕದಲಿಸದೆ ಎತ್ತಿ, ನಕ್ಷೆಯ ಅಂಚಿನ ಅಳತೆಪಟ್ಟಿಗೆ ತಂದಿಟ್ಟಳು. ಮೂರು ಫರ್ಲಾಂಗು, ಅರ್ಧ ಮೈಲಿಯೂ ಇಲ್ಲ.