ಎಂಟನೆಯ ಮನೆಯ ಗೋಡೆ

“ಗೋಡೆ ಬಳ್ದೋಳು ನಾನು, ಎಸ್ರು ಮಾತ್ರ ಇವನ್ದು ಎಂಗಾಯ್ತು?”

ಬೈರಮ್ಮ ಕೇಳಿದ್ದು ಯಾರನ್ನೂ ಅಲ್ಲ. ನಾಗಸಂದ್ರದ ಆ ಹೊಸ ವಠಾರದ ಕೊನೆಯಲ್ಲಿ ಬೆಳಗಿನ ಒಂಬತ್ತು ಗಂಟೆಗೆ ಹೊರಗೆ ಯಾರೂ ಇರಲಿಲ್ಲ. ಗಂಡಸರೆಲ್ಲ ಡಬ್ಬಿ ಹಿಡಿದು ಫ್ಯಾಕ್ಟರಿ ಬಸ್ಸು ಹತ್ತಿ ಹೋಗಿದ್ದರು. ಅವಳೆದುರಿಗಿದ್ದದ್ದು ಎಂಟನೆಯ ಮನೆಯ ಮುಂಗೋಡೆ. ಕೆನೆಯ ಬಣ್ಣ, ಮೂರು ತಿಂಗಳ ಮಳೆ ಬಡಿದರೂ ಒಂದು ಕಲೆಯಿಲ್ಲ, ಒಂದು ಬೊಬ್ಬೆಯಿಲ್ಲ. ಆ ಗೋಡೆಯ ಕೆಳಮೂಲೆಯಲ್ಲಿ ಕೆಂಪು ಆಯಿಲ್ ಪೇಂಟಿನಲ್ಲಿ ನಾಲ್ಕು ಬೆರಳೆತ್ತರದ ಅಕ್ಷರಗಳು: ‘ಶ್ಯಾಮಣ್ಣ ಪೇಂಟರ್ಸ್, ಮಾದನಾಯಕನಹಳ್ಳಿ’. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟಿದ್ದ ಬೈರಮ್ಮ ಅಕ್ಷರಕ್ಕೆ ಅಕ್ಷರ ಕೂಡಿಸಿ ಎರಡು ಸಲ ಓದಿದಳು. ಎರಡನೆಯ ಸಲಕ್ಕೆ ನೀರು ಬಿದ್ದ ಸುಣ್ಣದ ಕಲ್ಲಿನ ಹಾಗೆ ಕುದಿದಳು.

ಸುಣ್ಣ ಅವಳಿಗೆ ಹೊಸದಲ್ಲ. ಅವಳ ಅಜ್ಜಿ, ಅವ್ವ, ಅತ್ತೆ ಎಲ್ಲರೂ ಯುಗಾದಿಗೂ ಗೌರಿ ಹಬ್ಬಕ್ಕೂ ಊರಿನ ಗೋಡೆಗಳಿಗೆ ಸುಣ್ಣ ಬಳಿದವರೇ. ಕಲ್ಲುಸುಣ್ಣವನ್ನು ಹರವಿಯಲ್ಲಿ ಅರಳಿಸಿ, ಬಟ್ಟೆಯಲ್ಲಿ ಸೋಸಿ, ಚಿಟಿಕೆ ನೀಲಿ ಬೆರೆಸಿ, ಗೋಡೆಗೆ ಮೊದಲು ನೀರು ಚಿಮುಕಿಸಿ ಕುಡಿಸಿ, ಆಮೇಲೆ ಬಳಿಯುವುದು. ಒಣಗೋಡೆಗೆ ಸುಣ್ಣ ಹಿಡಿಯುವುದಿಲ್ಲ, ಪುಡಿಪುಡಿಯಾಗಿ ಉದುರುತ್ತದೆ. ಇದು ಆ ಮನೆತನದ ಹೆಂಗಸರಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಕೈಗೇ ಗೊತ್ತಿತ್ತು.

ಆದರೆ ಪೀಣ್ಯದ ಸುತ್ತಲಿನ ಹೊಲಗಳೆಲ್ಲ ಫ್ಯಾಕ್ಟರಿಗಳಾದ ಮೇಲೆ ಊರಿನ ಗೋಡೆಗಳೂ ಬದಲಾದವು. ಜಮೀನು ಕೊಟ್ಟ ದುಡ್ಡಿನಲ್ಲಿ ಗೌಡರುಗಳು ಸಾಲು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟರು. ಬರುವ ಬಾಡಿಗೆದಾರರಿಗೆ ಸುಣ್ಣ ಬೇಡ, ಡಿಸ್ಟೆಂಪರ್ ಎಂಬ ಡಬ್ಬಿಯ ಬಣ್ಣ ಬೇಕು. ಸುಣ್ಣದ ಕೆಲಸ ವರ್ಷದಿಂದ ವರ್ಷಕ್ಕೆ ಕರಗಿತು. ಕಾಂಟ್ರಾಕ್ಟು ಹಿಡಿದ ಗಂಡಸರು ಬೈರಮ್ಮನನ್ನೂ ಅವಳ ಜೊತೆಗಾತಿ ರಾಮಕ್ಕನನ್ನೂ ಗೋಡೆ ಕೆರೆಯಲು, ನೀರು ಹೊರಲು ಕರೆಯುತ್ತಿದ್ದರು. ಬ್ರಶ್ಶು ಮುಟ್ಟಗೊಡುತ್ತಿರಲಿಲ್ಲ.

“ಇಪ್ಪತ್ತು ವರ್ಷ ಗೋಡೆ ಬಳ್ದೋಳು ನಾನು, ಈ ಮೀಸೆ ಬರ್ದಿರೋ ಐಕ್ಳ ಕೈಲಿ ‘ಅಕ್ಕ, ಬಕೀಟು ತತ್ತಾ’ ಅನ್ನಿಸ್ಕೋಬೇಕಾ?” ಎಂದು ಒಂದು ದಿನ ರೇಗಿದವಳು, ಯಶವಂತಪುರದ ಅಂಗಡಿಯಿಂದ ಎರಡು ಬ್ರಶ್ಶು ತಂದೇಬಿಟ್ಟಳು. ಇನ್ನು ಮೇಲೆ ಕೂಲಿಗೆ ಹೋಗುವುದಿಲ್ಲ, ಮನೆಯನ್ನೇ ಒಪ್ಪಿಕೊಂಡು ಬಳಿಯುವುದು. ಅವಳ ಗಂಡ ಮುನಿಯಣ್ಣ ಎರಕದ ಶೆಡ್ಡಿನಲ್ಲಿ ಮರಳು ಜರಡಿ ಹಿಡಿಯುವವನು, ಮಾತು ಕಡಿಮೆ. “ಮಾಡು. ಏಣಿ ನಾನು ಮಾಡ್ಕೊಡ್ತೀನಿ,” ಎಂದಷ್ಟೇ ಹೇಳಿ ಸರ್ವೆ ಮರದ ಏಣಿ ಮಾಡಿಕೊಟ್ಟ.

ಮೊದಲ ಮನೆ ಸಿಕ್ಕಿದ್ದು ವೆಂಕಟರಮಣಪ್ಪನ ಈ ವಠಾರದಲ್ಲಿ. ಎಂಟು ಮನೆಗಳಲ್ಲಿ ಏಳನ್ನು ಅವನ ಬೀಗರ ಕಡೆಯ ಶ್ಯಾಮಣ್ಣ ಬಳಿದು ಮುಗಿಸಿದ್ದ. ಅಷ್ಟರಲ್ಲಿ ಯಾವುದೋ ಗೋಡೌನಿನ ದೊಡ್ಡ ಕೆಲಸ ಸಿಕ್ಕಿ ಎಂಟನೆಯದನ್ನು ಹಾಗೇ ಬಿಟ್ಟು ಹೊರಟುಹೋಗಿದ್ದ.

“ಸುಣ್ಣದೋಳ್ಗೆ ಡಿಸ್ಟೆಂಪರ್ ಬರ್ತದೇನಮ್ಮೀ?” ಎಂದ ವೆಂಕಟರಮಣಪ್ಪ.

“ಅದೂ ಗೋಡೆಗೇ ತಾನೆ ಬಳಿಯೋದು ಗೌಡ್ರೆ? ತಲೆಗಲ್ಲವಲ್ಲ.”

ಗೌಡ ನಕ್ಕು ಕೆಲಸ ಒಪ್ಪಿಸಿದ. ಬೈರಮ್ಮ ಏಣಿಗೆ ಅರಿಶಿನ ಕುಂಕುಮ ಇಟ್ಟು, ಊರ ಆಂಜನೇಯನಿಗೆ ಕೈಮುಗಿದು, ಅವಳ ಕೈಗೆ ಗೊತ್ತಿದ್ದದ್ದನ್ನೇ ಮಾಡಿದಳು. ಬಳಿಯುವ ಮೊದಲು ನಾಲ್ಕು ಗೋಡೆಗೂ ಕೊಡಗಟ್ಟಲೆ ನೀರು ಕುಡಿಸಿದಳು.

ಡಿಸ್ಟೆಂಪರಿಗೆ ನೀರು ಕಂಡ ಗೋಡೆ ಆಗದು ಎಂದು ಅವಳಿಗೆ ಹೇಳುವವರು ಯಾರಿದ್ದರು? ಸಂಜೆಗೆ ಬಣ್ಣ ನಕ್ಷೆ ಬಿಡಿಸಿದ ಹಾಗೆ ಅಲ್ಲಲ್ಲಿ ಕದಡಿತು. ಮರುದಿನ ಮುಟ್ಟಿದರೆ ಅಂಗೈಗೆ ಬಂತು. ಬಾಡಿಗೆಗೆ ಬರಬೇಕಿದ್ದ ವತ್ಸಲಾ ಮನೆ ನೋಡಲು ಬಂದು ಗೋಡೆಗೊರಗಿ ನಿಂತದ್ದೇ ಸರಿ, ಅವಳ ನೀಲಿ ಸೀರೆಯ ಬೆನ್ನಿಗೆ ಗೋಡೆಯೇ ಇಳಿದುಬಂತು.

“ಇದೇನ್ರೀ ಇದು! ಶುಕ್ರವಾರ ಹಾಲುಕ್ಕಿಸಬೇಕು ಅಂತಿದ್ದೀವಿ, ಈ ಗೋಡೆ ಇಟ್ಕೊಂಡು?” ಎಂದು ವತ್ಸಲಾ ಕೂಗಿದಳು.

ಗೌಡ ಟೀ ಅಂಗಡಿಯಲ್ಲಿ ಅದನ್ನೇ ಕತೆ ಮಾಡಿ ಹೇಳಿದ. “ಬೈರಿ ಬಳ್ದ್ರೆ ಗೋಡೆಗೂ ಬಣ್ಣ, ಒರಗ್ದೋರ್ಗೂ ಬಣ್ಣ! ಒಂದೇ ಕೂಲಿ ಕಣ್ರಪ್ಪೋ!” ಒಂದು ವಾರ ಊರಿಗೆ ಊರೇ ನಕ್ಕಿತು. ಎದುರು ಸಿಕ್ಕ ಹುಡುಗರು ಬೆನ್ನು ತಿರುಗಿಸಿ ತೋರಿಸಿ, “ನೋಡಕ್ಕ, ಅಂಟೈತಾ?” ಎಂದು ಕೇಳಿದರು.

ತಪ್ಪು ತನ್ನದೇ. ಬೈರಮ್ಮ ಅದನ್ನು ಯಾರ ತಲೆಗೂ ಕಟ್ಟಲಿಲ್ಲ. ವತ್ಸಲಾಳ ಮುಂದೆ ಹೋಗಿ ನಿಂತು, “ಅಮ್ಮ, ನನ್ ಕೈ ಕೆಟ್ಟೋಯ್ತು. ಇನ್ನೊಂದ್ ಮೂರ್ ವಾರ ತಡ್ಕೊಳ್ಳಿ. ಮತ್ತೆ ಕೆಟ್ರೆ ನಾನೇ ಈ ಕೆಲ್ಸ ಬಿಡ್ತೀನಿ,” ಎಂದಳು. ವತ್ಸಲಾ ಮುಖ ಗಂಟಿಕ್ಕಿಕೊಂಡೇ ಪಂಚಾಂಗ ನೋಡಿಸಿ ಮುಂದಿನ ಒಳ್ಳೆಯ ದಿನಕ್ಕೆ ಒಪ್ಪಿದಳು.

ಯಶವಂತಪುರದ ಅಂಗಡಿಯವನ ಬಾಯಿಂದ ಬೈರಮ್ಮ ಪಾಠ ಕೇಳಿಸಿಕೊಂಡಳು. ಶನಿವಾರ ಸಂಜೆ ಗುಡಿಯಲ್ಲಿ ಕಾವ್ಯ ಓದುವ ಅಯ್ನೋರ ಪದ್ಯ ಕೇಳುವ ಹಾಗೆಯೇ ಕೇಳಿಸಿಕೊಂಡಳು, ಮಧ್ಯೆ ಬಾಯಿ ಹಾಕದೆ, ಒಂದು ಮಾತು ಬಿಡದೆ. ಆಮೇಲೆ ಬಳಿದದ್ದನ್ನೆಲ್ಲ ತೊಳೆದು, ಮನೆ ಕಟ್ಟಿದವರು ಮೊದಲೇ ಎಳೆದಿದ್ದ ಅಡಿಯ ಸುಣ್ಣವನ್ನು ಸಿಮೆಂಟು ಕಾಣುವವರೆಗೆ ಕೆರೆದಳು. ಹೊಸ ಗಾರೆ ಒಳಗೆ ಹಸಿಯಿರುತ್ತದೆ, ಹೊರಗೆ ಒಣಗಿದ ಹಾಗೆ ನಟಿಸುತ್ತದೆ. ಅದು ಸುಣ್ಣದವಳಿಗೆ ಗೊತ್ತಿದ್ದ ವಿದ್ಯೆ. ದಿನಾ ಬೆಳಗ್ಗೆ ಬಂದು ಗೋಡೆಗೆ ಕೆನ್ನೆ ಇಟ್ಟು ನೋಡುತ್ತಿದ್ದಳು. ಕೆನ್ನೆಗೆ ತಣ್ಣಗೆ ತಾಕಿದರೆ ಇನ್ನೂ ಹಸಿ. ಹತ್ತೊಂಬತ್ತನೆಯ ದಿನ ಕೆನ್ನೆ ಬೆಚ್ಚಗಾಯಿತು. ಉಪ್ಪುಕಾಗದ ಉಜ್ಜಿ, ಒಂದು ಕೈ ಪ್ರೈಮರ್, ಎರಡು ಕೈ ಡಿಸ್ಟೆಂಪರ್. ವತ್ಸಲಾ ಬೇಕೆಂದೇ ಬಿಳಿ ಟವೆಲ್ಲಿನಲ್ಲಿ ಗೋಡೆ ಉಜ್ಜಿ ನೋಡಿದಳು. ಟವೆಲ್ಲು ಬಿಳಿಯಾಗಿಯೇ ಇತ್ತು.

ಆಮೇಲೆ ಮಳೆ ಹಿಡಿಯಿತು. ಶ್ಯಾಮಣ್ಣ ಹಸಿ ಗಾರೆಯ ಮೇಲೆ, ಕೆರೆಯದ ಸುಣ್ಣದ ಮೇಲೆ ಗಡಿಬಿಡಿಯಲ್ಲಿ ಬಳಿದಿದ್ದ ಏಳು ಮನೆಗಳ ಗೋಡೆಯೂ ಉಬ್ಬಿಕೊಂಡಿತು. ಬಣ್ಣ ಹಪ್ಪಳದ ಹಾಗೆ ಎದ್ದು ಹಾಸಿಗೆಯ ಮೇಲೆ, ಅನ್ನದ ತಟ್ಟೆಯೊಳಗೆ ಉದುರಿತು. ಬಾಡಿಗೆದಾರರು ಗೌಡನ ಬಾಗಿಲಿಗೆ ಬಂದರು. ಗೌಡ ಬೀಗರ ಹುಡುಗನ ಹೆಸರೆತ್ತುವುದುಂಟೆ? ಊರ ಬಾಯಲ್ಲಿ ಒಂದು ಹೆಸರು ಆಗಲೇ ಸಿದ್ಧವಾಗಿತ್ತಲ್ಲ.

“ಬೈರಮ್ಮ ಅಂತ, ಸುಣ್ಣದೋಳು. ಅವಳ ಕೈಗೆ ಕೊಟ್ಟು ಕೆಟ್ಟೆ ಕಣ್ರೀ ಸಾರ್,” ಎಂದುಬಿಟ್ಟ.

ಹೊಸಬರಿಗೆ ಏನು ಗೊತ್ತು, ನಂಬಿದರು. ಮಗಳ ಮದುವೆಗೆ ಮನೆ ಬಳಿಸುತ್ತೇನೆಂದು ಮಾತು ಕೊಟ್ಟಿದ್ದ ಅಶ್ವತ್ಥಮ್ಮ ದಾರಿಯಲ್ಲಿ ಸಿಕ್ಕು, “ಬ್ಯಾಡ ಕಣವ್ವ, ಬೀಗ್ರು ಬರೋ ಮನೆ,” ಎಂದಳು. ಚಂದಾಪುರದಲ್ಲಿ ಮನೆ ಕಟ್ಟಿಸುತ್ತಿದ್ದ ಅವಳ ತಮ್ಮನೂ ಸುದ್ದಿ ಕೇಳಿ ಹಿಂದೆ ಸರಿದ. ಇನ್ನೊಂದು ತಿಂಗಳು ಹೀಗೇ ಹೋದರೆ ಬೈರಮ್ಮ ಮತ್ತೆ ಬಕೀಟು ಹೊರಬೇಕು, ಅವರಿವರ ಕೈಕೆಳಗೆ.

ಆ ಹೊತ್ತಿನಲ್ಲಿ ಈ ಕೆಂಪು ಅಕ್ಷರ.

ಮಾತು ಕೇಳಿ ವತ್ಸಲಾ ಹೊರಗೆ ಬಂದಳು. “ನಿನ್ನೆ ಮಧ್ಯಾಹ್ನ ಬಂದು ಬರೆದ ಬೈರಮ್ಮ. ‘ಇದನ್ನ ಬಳಿದಿದ್ದು ನೀವಲ್ವಲ್ಲ’ ಅಂದೆ. ‘ಓನರ್ ಹೇಳಿದ್ದಾರೆ ಮೇಡಂ’ ಅಂದ. ನಮ್ಮನೆಯವ್ರು ಹೋಗಿ ಕೇಳಿದ್ರೆ, ‘ಬಾಡಿಗೆಗಿರೋರಿಗೆ ಗೋಡೆ ಉಸಾಬರಿ ಯಾಕೆ’ ಅಂದ್ರಂತೆ ಗೌಡ್ರು.”

“ಕೆಟ್ಟಿದ್ ಏಳೂ ನಂದಂತೆ, ನೆಟ್ಟಗಿರೋ ಒಂದು ಅವನ್ದಂತೆ! ಎಂಗೈತೆ ನೋಡಿ ಅಮ್ಮ ನ್ಯಾಯ!”

ಗುಡಿಯ ಅಯ್ನೋರು ಓದಿ ಮುಗಿಸುವಾಗ ಕಾವ್ಯ ಕಟ್ಟಿದವನ ಹೆಸರು ಹೇಳಿ ಕೈಮುಗಿಯದೆ ಪುಸ್ತಕ ಮುಚ್ಚಿದ್ದನ್ನು ಬೈರಮ್ಮ ಒಂದು ದಿನವೂ ಕಂಡಿರಲಿಲ್ಲ. ಎಷ್ಟೋ ನೂರು ವರ್ಷದ ಹಿಂದೆ ಸತ್ತವನಿಗೆ ಸಿಗುವ ನ್ಯಾಯ ಬದುಕಿರುವ ತನಗಿಲ್ಲವೆ?

ರಾಮಕ್ಕನನ್ನು ಕರೆದುಕೊಂಡು ಅವಳು ನೆಟ್ಟಗೆ ಟೀ ಅಂಗಡಿಗೆ ಹೋದಳು. ಶ್ಯಾಮಣ್ಣ ಅಲ್ಲೇ ಬೆಂಚಿನ ಮೇಲೆ ಕೂತು ಬನ್ನು ಅದ್ದಿ ತಿನ್ನುತ್ತಿದ್ದ.

“ಏನಪ್ಪ, ಎಂಟನೇ ಮನೇನ ಯಾವಾಗ ಬಳ್ದೆ ನೀನು?”

ಶ್ಯಾಮಣ್ಣ ನಾಚಲೂ ಇಲ್ಲ. “ಬಾಕ್ಕ, ಕೂತ್ಕೋ. ಒಂದ್ ಟೀ ಕುಡಿ. ಬೋರ್ಡ್ ಅಂದ್ಮೇಲೆ ಚೆನ್ನಾಗಿರೋ ಗೋಡೆ ಮೇಲೆ ತಾನೆ ಬರೆಯೋದು? ಬಿಸ್ನೆಸ್ ಅಂದ್ರೆ ಹಂಗೇ ಕಣಕ್ಕ.”

“ಅಂಗಾದ್ರೆ ವಿಧಾನಸೌಧದ್ ಮೇಲೆ ಬರ್ಕೊಂಡ್ ಬಾ ಓಗು. ಅದೂ ಚೆನ್ನಾಗೈತೆ.”

ಬೆಂಚಿನ ಮೇಲಿದ್ದವರು ಗೊಳ್ಳೆಂದರು. ಟೀ ಸೋಸುತ್ತಿದ್ದವನ ಕೈ ಅಲುಗಿ ಟೀ ಚೆಲ್ಲಿತು. ಶ್ಯಾಮಣ್ಣನ ಮುಖ ಸಣ್ಣದಾಯಿತು. “ಏಯ್, ಜಾಸ್ತಿ ಮಾತಾಡ್ಬೇಡ. ಏನಿದ್ರೂ ಮಾವನ್ನ ಕೇಳು,” ಎಂದ.

ಕೇಳಲು ಹೋಗಬೇಕಾಗಲಿಲ್ಲ. ಗೌಡನೇ ಕೊಡೆ ಊರಿಕೊಂಡು ಬರುತ್ತಿದ್ದ, ಬೈರಮ್ಮನನ್ನೇ ಹುಡುಕಿಕೊಂಡು. ಅವಳನ್ನೂ ರಾಮಕ್ಕನನ್ನೂ ಅಂಗಡಿಯ ಪಕ್ಕದ ಹುಣಸೆ ಮರದ ಕೆಳಗೆ ಕರೆದ. ಶ್ಯಾಮಣ್ಣನೂ ಹಿಂದೆಯೇ ಬಂದು ನಿಂತ.

“ನೋಡಮ್ಮೀ, ಕ್ವಾಪ ಮಾಡ್ಕೋಬ್ಯಾಡ,” ಎಂದು ಗೌಡ ಎಂದೂ ಇಲ್ಲದ ಮೆತ್ತನೆಯ ದನಿ ತೆಗೆದ. “ಏಳು ಮನೆಯೋರೂ ದೀಪಾವಳಿಯೊಳ್ಗೆ ಗೋಡೆ ಸರಿ ಮಾಡ್ಸಿ, ಇಲ್ದಿದ್ರೆ ಖಾಲಿ ಮಾಡ್ತೀವಿ ಅಂತ ಕೂತವ್ರೆ. ಈ ನನ್ಮಗ ಎರಡ್ ಸಲ ತೇಪೆ ಆಕ್ದ, ಎರಡ್ ಸಲಾನೂ ಎದ್ದೋಯ್ತು. ನಿನ್ ಗೋಡೆ ನಿಂತೈತೆ. ಏಳು ಮನೇನೂ ನೀನೇ ಮಾಡು.”

ರಾಮಕ್ಕ ಹಿಂದಿನಿಂದ ಬೈರಮ್ಮನ ಸೆರಗು ಜಗ್ಗಿದಳು. ಏಳು ಮನೆ ಎಂದರೆ ಇಬ್ಬರಿಗೂ ದೀಪಾವಳಿವರೆಗೆ ಕೆಲಸ. ಬೈರಮ್ಮನ ಎದೆಯೂ ಒಂದು ಸಲ ಹಗುರಾಯಿತು.

“ಮಾಡ್ತೀನಿ ಗೌಡ್ರೆ. ಯಾಕ್ ಮಾಡಲ್ಲ? ಮೊದ್ಲು ಎಲ್ಲಾನೂ ಕೆರೀಬೇಕು, ಒಣಗಕ್ಕೆ ಟೈಮ್ ಕೊಡ್ಬೇಕು.”

“ದೀಪಾವಳಿಗಂಟ ತಕ್ಕೋ. ಆದ್ರೆ...” ಗೌಡ ಕೊಡೆಯ ತುದಿಯಿಂದ ನೆಲ ಕೆದಕಿದ. “ಕಾಂಟ್ರಾಕ್ಟು ಶ್ಯಾಮಂದೇ ಇರ್ಲಿ. ನೀನು ಅವನ್ ಕೈಕೆಳ್ಗೆ ಮಾಡ್ದಂಗೆ. ಮನೆಯೋರು ಕೇಳುದ್ರೆ, ‘ಮೊದ್ಲು ಕೆಡ್ಸಿದ್ದು ನಾನೇ, ಈಗ ಶ್ಯಾಮಣ್ಣ ನಿಂತು ಸರಿ ಮಾಡಿಸ್ತಾವ್ನೆ’ ಅಂತ ಒಂದ್ ಮಾತು ಏಳ್ಬುಡು. ಬೀಗರ ಮುಂದೆ ನನ್ ಮರ್ಯಾದಿ ಪ್ರಶ್ನೆ. ನಿಂಗೇನು, ಒಂದ್ ಮಾತು ತಾನೆ?”

ಒಂದು ಮಾತು ತಾನೆ! ಬೈರಮ್ಮ ಮೊದಲು ಅವನ ಮುಖ ನೋಡಿದಳು, ಆಮೇಲೆ ಶ್ಯಾಮಣ್ಣನ ಮುಖ. ತಪ್ಪು ಮಾಡಿದ ದಿನ ಅದನ್ನು ತನ್ನ ಬಾಯಿಂದಲೇ ಒಪ್ಪಿಕೊಂಡು, ಹತ್ತೊಂಬತ್ತು ಬೆಳಗು ಗೋಡೆಗೆ ಕೆನ್ನೆಯಿಟ್ಟು ಕಾದವಳು ಅವಳು. ಮಾಡದ ತಪ್ಪನ್ನೂ ಅದೇ ಬಾಯಿಂದ ಒಪ್ಪಿಕೊಳ್ಳಬೇಕಂತೆ. ಮಾಡುವ ಕೆಲಸವನ್ನು ಇವನ ಹೆಸರಿಗೆ ಬರೆಯಬೇಕಂತೆ. ಬೀಗರಿಗೆ ಮರ್ಯಾದೆ ಉಂಟು. ಸುಣ್ಣದವಳಿಗೆ ಎಲ್ಲಿಂದ ಬರಬೇಕು?

“ಇನ್ನೊಂದ್ ದಾರಿ ಏಳ್ತೀನಿ ಗೌಡ್ರೆ,” ಎಂದಳು, ದನಿಯನ್ನು ಹಿಡಿದಿಟ್ಟುಕೊಂಡು. “ಏಳು ಮನೆಯೋರ್ನೂ ನಿಲ್ಸಿ, ಇದು ಬೈರಮ್ಮ ಬಳ್ದಿದ್ದಲ್ಲ ಅಂತ ನೀವೇ ಏಳಿ. ನಾಳೆ ಬೆಳ್ಗೇನೇ ಏಣಿ ತತ್ತೀನಿ.”

“ಅದು ಆಗೋ ಮಾತಾ? ಬೀಗ್ರು ನನ್ ಮನೆ ಒಸ್ಲು ತುಳೀತಾರಾ ಆಮ್ಯಾಕೆ?”

“ಒಪ್ಕೊಳಕ್ಕ,” ಎಂದ ಶ್ಯಾಮಣ್ಣ. “ಹೆಸರೇನು ಅನ್ನ ಹಾಕುತ್ತಾ?”

“ಆಕಲ್ವಾ? ಮತ್ತೆ ನೀನ್ಯಾಕಪ್ಪ ನನ್ ಗೋಡೆ ಉಡುಕ್ಕೊಂಡ್ ಬಂದು ಬರ್ದೆ?”

ರಾಮಕ್ಕ ಮತ್ತೆ ಸೆರಗು ಜಗ್ಗಿ, “ಒಪ್ಕೊಳ್ಳೇ, ಅಬ್ಬ ಬತ್ತಾ ಐತೆ,” ಎಂದು ಪಿಸುಗುಟ್ಟಿದಳು. ಬೈರಮ್ಮ ಅವಳ ಕೈಯನ್ನು ಮೆಲ್ಲಗೆ ಬಿಡಿಸಿದಳು.

ಗೌಡನ ದನಿ ಗಡುಸಾಯಿತು. “ಊರಾಗೆ ಬದುಕ್ಬೇಕಾದೋಳು ನೀನು. ಕೊನೇದಾಗಿ ಕೇಳ್ತಾ ಇವ್ನಿ. ಶ್ಯಾಮನ ಕೈಕೆಳ್ಗೆ ಬಳ್ದು ಕೊಡ್ತೀಯೋ ಇಲ್ವೋ?”

“ಕೊಡಲ್ಲ ಗೌಡ್ರೆ,” ಎಂದಳು ಬೈರಮ್ಮ. “ಒಂದ್ ಗೋಡೇನೂ ಬಳಿಯಲ್ಲ.”