ಹನ್ನೆರಡನೆಯ ಸೇತುವೆ

ಹನ್ನೊಂದನೆಯ ಸೇತುವೆಯೂ ಒಮ್ಮೆ ಬೆಳ್ಳಗೆ ಮಿಂಚಿ ಕಡಿದುಹೋಯಿತು. ಗುಬ್ಬಿ ಸೂಕ್ಷ್ಮದರ್ಶಕದಿಂದ ಕಣ್ಣು ಕೀಳಲಿಲ್ಲ. ಕಿತ್ತರೆ ಗೋಡೆಯ ಗಡಿಯಾರ ಕಾಣುತ್ತದೆ. ಬಾಗಿಲ ಬಳಿ ಸ್ಟೂಲಿನ ಮೇಲೆ ಸ್ಪ್ಯಾನರ್ ಹಿಡಿದು ಕೂತ ಫಿಟ್ಟರ್ ಕಾಣುತ್ತಾನೆ.

"ಇದೂ ಹೋಯ್ತಾ ಮೇಡಂ?"

"ಹೋಯ್ತು."

"ಇನ್ನೆಷ್ಟಿವೆ?"

"ಒಂದು."

ಉಗುರಿನಗಲದ ಆ ಚಿಪ್‌ನ ಮೇಲೆ ಇದ್ದದ್ದೇ ಹನ್ನೆರಡು ಸೇತುವೆ, ಒಂದೊಂದೂ ಕೂದಲಿಗಿಂತ ಸಣ್ಣದು. ಕರೆಂಟು ಹಾಯಿಸಿದರೆ ಸೇತುವೆಯ ನಡು ಮಾತ್ರ ಕೆಂಡವಾಗುತ್ತದೆ, ಅಕ್ಕಪಕ್ಕವೆಲ್ಲ ತಣ್ಣಗಿರುತ್ತದೆ. ಮೇಲೆ ಹರಿಯುವ ಅನಿಲದಿಂದ ಆ ಕೆಂಡದ ಜಾಗದಲ್ಲಷ್ಟೇ ಇಂಗಾಲದ ಎಳೆಗಳು ಮೊಳೆಯಬೇಕು. ಒಂದೇ ಒಂದು ಸೇತುವೆಯ ಮೇಲೆ ಮೊಳೆತರೂ ಅವಳ ಪಿಎಚ್.ಡಿ. ಪ್ರಬಂಧ ಉಳಿಯುತ್ತದೆ. ಇಲ್ಲವಾದರೆ ಆರು ವರ್ಷ ನೀರಲ್ಲಿ ಹೋಮ. ಆ ದಿನ ನಾಲ್ಕು ಗಂಟೆಗೆ ಅನಿಲದ ಕೊಳವೆ ಮುಚ್ಚಿ, ಈ ಕೊಠಡಿಯ ಯಂತ್ರವನ್ನು ಬಿಚ್ಚಿ ಸಾಗಿಸಬೇಕೆಂದು ಮೇಲಿನವರ ಅಪ್ಪಣೆಯಾಗಿತ್ತು. ಕರೆಂಟು ಏರಿಳಿಸುತ್ತಿದ್ದ ಕಂಪ್ಯೂಟರನ್ನು ಹೋದ ವಾರವೇ ಹೊತ್ತುಕೊಂಡು ಹೋಗಿದ್ದರು. ಅಂದಿನಿಂದ ಕರೆಂಟಿನ ಗುಂಡಿಯನ್ನು ಅವಳೇ ಕೈಯಾರೆ ತಿರುಗಿಸುತ್ತಿದ್ದಳು.

ಕಣ್ಣು ಸೇತುವೆಯ ಮೇಲೇ ಇರಬೇಕಾದ್ದರಿಂದ ಹೊತ್ತು ಅಳೆಯಲು ಅವಳಿಗಿದ್ದದ್ದು ಒಂದು ಪದ್ಯ. ಸಾಕಿದ ದೊಡ್ಡಪ್ಪ ದಿನಾ ಸಂಜೆ ದೇವರ ಮುಂದೆ ಕೂತು ಹೇಳುತ್ತಿದ್ದದ್ದು. ಅದರ ಒಂದೊಂದು ಚರಣಕ್ಕೆ ಒಂದು ಮೆಟ್ಟಿಲು ಕರೆಂಟು ಏರಿಸುವುದು ಅವಳ ಲೆಕ್ಕ.

"ನಾನು ಗಡಿಯಾರ ನೋಡಿ ಎಣಿಸ್ಲಾ?"

"ನೀವು ಎಣಿಸಿದ್ದಕ್ಕೇ ಅಣ್ಣಾ ಹತ್ತನೇದು ಸುಟ್ಟಿದ್ದು."

"ಓಹೋ, ಎಲ್ಲಾ ನನ್ನ ತಲೆಗೇ ಕಟ್ಟಿ." ಅವನು ಸ್ಪ್ಯಾನರಿನ ತುದಿಯಿಂದ ಬೆನ್ನು ಕೆರೆದುಕೊಂಡ. "ಒಂದ್ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹೋದ ವಾರ ಮೊದಲನೇ ಸಲ ಏನೋ ಗೊಣಗ್ತಾ ಇದ್ರಲ್ಲ, ಕೇಳೋಕೆ ಹಾಯಾಗಿತ್ತು. ಇವತ್ತು ಬೆನ್ನಿಗೆ ನಾಯಿ ಬಿದ್ದೋರ ಥರ ಓಡ್ತಿದೀರಿ."

ಗುಬ್ಬಿಯ ಕೈ ಗುಂಡಿಯ ಮೇಲೇ ನಿಂತಿತು. ಹೌದಲ್ಲ! ದೊಡ್ಡಪ್ಪ ಒಂದು ಚರಣಕ್ಕಿಂತ ಮುಂದಿನದನ್ನು ನಿಧಾನವಾಗಿ, ಇನ್ನೂ ಮುಂದಿನದನ್ನು ಇನ್ನೂ ನಿಧಾನವಾಗಿ ಹೇಳುತ್ತಿದ್ದರು. ಸೇತುವೆಗೂ ಬೇಕಾದದ್ದು ಅದೇ, ಕಾವೇರಿದಷ್ಟೂ ಹೆಚ್ಚು ಬಿಡುವು. ಅವಳೋ ಭಯದಲ್ಲಿ ಸಲದಿಂದ ಸಲಕ್ಕೆ ಹೆಚ್ಚು ಹೆಚ್ಚು ದೌಡಾಯಿಸಿದ್ದಳು. ಈಗ ನಿಧಾನವಾಗಿ ಶುರುಮಾಡಿ ನೋಡಿದಳು. ಎರಡನೆಯ ಸಾಲಿಗೇ ನಾಲಿಗೆ ಮತ್ತೆ ಓಟ ಕಿತ್ತಿತು. ಲಕ್ವ ಹೊಡೆದು ದೊಡ್ಡಪ್ಪನ ಮಾತು ನಿಂತು ಮೂರು ತಿಂಗಳಾಗಿತ್ತು. ಅವರ ನಡೆ ಅವಳ ಕಿವಿಯಿಂದಲೂ ಜಾರಿಹೋಗಿತ್ತು.

ಮನೆಗೆ ಫೋನ್ ಹಚ್ಚಿದಳು. "ದೊಡ್ಡಮ್ಮಾ, ದೊಡ್ಡಪ್ಪ ಎದ್ದಿದಾರಾ? ಬಲಗೈ ಹತ್ರ ಫೋನ್ ಇಡು. ಪದ್ಯಕ್ಕೆ ತಾಳ ಹಾಕೋಕೆ ಹೇಳು."

"ಈ ಹೊತ್ತಲ್ಲಿ ಇದೇನೇ ನಿನ್ನ ಹುಚ್ಚಾಟ?"

"ನಿನ್ನ ಕಾಲಿಗೆ ಬೀಳ್ತೀನಿ. ಕೇಳ್ಬೇಡ, ಇಡು."

ಗಡಿಯಾರದಲ್ಲಿ ಇಪ್ಪತ್ತು ನಿಮಿಷ ಉಳಿದಿತ್ತು. ಫೋನಿನೊಳಗೆ ಏನೋ ಸರಿದಾಡಿತು. ಆಮೇಲೆ ಮಂಚದ ಪಟ್ಟಿಯ ಮೇಲೆ ಒಂದು ಬೆರಳು ಟಕ್ ಎಂದಿತು. ತಡೆದು ಇನ್ನೊಂದು ಟಕ್. ಬಾಯಿ ಬಿದ್ದುಹೋದರೂ ಬೆರಳಿಗೆ ಪದ್ಯ ಮರೆತಿರಲಿಲ್ಲ. ಗುಬ್ಬಿ ಗುಂಡಿ ತಿರುಗಿಸಿದಳು. ಒಂದು ಮೆಟ್ಟಿಲು. ಎರಡು. ಐದನೆಯದಕ್ಕೆ ಸೇತುವೆಯ ನಡು ಕೆಂಪಗಾಯಿತು. ಏಳನೆಯದಕ್ಕೂ ಕಡಿಯಲಿಲ್ಲ. ಅವಳು ಅನಿಲ ಬಿಟ್ಟಳು. ಫಿಟ್ಟರ್ ಎದ್ದು ಬಂದು ಹಿಂದೆ ನಿಂತ.

ಟಕ್ ನಿಂತಿತು.

"ಕೈ ಸೋತುಹೋಯ್ತು ಕಣೆ, ಕಣ್ಣು ಮುಚ್ಕೊಂಡ್ರು. ಎಬ್ಬಿಸ್ಲಾ?"

"ಬೇಡ," ಎಂದಳು ಗುಬ್ಬಿ. ಈಗ ತಟಕ್ಕನೆ ಆರಿಸಿದರೆ ಸೇತುವೆ ಸೀಳುತ್ತದೆ. ಏರಿದ ಹಾಗೇ ಇಳಿಯಬೇಕು. ಏರುವಾಗ ಕೈಹಿಡಿದವರು ಈಗಿಲ್ಲ. ಅವಳು ಗಟ್ಟಿಯಾಗಿಯೇ ಪದ್ಯ ಎತ್ತಿಕೊಂಡಳು. ಆ ಬೆರಳು ಟಕ್ ಟಕ್ ನಡುವೆ ಕೊಟ್ಟ ಬಿಡುವು ಇನ್ನೂ ಕಿವಿಯಲ್ಲಿತ್ತು; ಅದನ್ನು ಆತುಕೊಂಡು, ಕತ್ತಲಲ್ಲಿ ಗೋಡೆ ತಡವಿಕೊಂಡು ನಡೆಯುವವರಂತೆ, ಮೆಟ್ಟಿಲು ಮೆಟ್ಟಿಲಾಗಿ ಇಳಿದಳು. ನಾಲ್ಕು ಗಂಟೆ ದಾಟಿತು. ಫಿಟ್ಟರ್ ಗಡಿಯಾರಕ್ಕೆ ಬೆನ್ನು ಹಾಕಿ ನಿಂತ.

ಕೊನೆಯ ಕೆಂಪು ಆರಿತು. ಸೇತುವೆ ಇಡಿಯಾಗಿತ್ತು. ಅದರ ನಡುವೆ ಮಾತ್ರ ಕಪ್ಪು ನವಿರೆಳೆಗಳು. ಆಚೆ ಈಚೆ ಒಂದೆಳೆಯೂ ಇಲ್ಲ.

"ಏನಾಯ್ತೇ?" ಎಂದರು ದೊಡ್ಡಮ್ಮ.

"ಬೆಳೀತು ದೊಡ್ಡಮ್ಮಾ. ಹುಲ್ಲಿನ ಥರ."

"ಆರು ವರ್ಷ ಓದಿ ಹುಲ್ಲಾ?"

"ದೊಡ್ಡಪ್ಪನಿಗೆ ಹೇಳು."

"ಎದ್ಮೇಲೆ ಹೇಳ್ತೀನಿ. ತಿಳಿಯುತ್ತೋ ಇಲ್ವೋ, ತಾಯಿ."

ಫಿಟ್ಟರ್ ಕೊಳವೆ ಮುಚ್ಚಿ ಮೊದಲ ಬೋಲ್ಟಿಗೆ ಸ್ಪ್ಯಾನರ್ ಹಾಕಿದ. ಗುಬ್ಬಿ ಚಿಪ್ ಅನ್ನು ಡಬ್ಬಿಗಿಟ್ಟಳು. ಬಾಯಿ ಮಾತ್ರ ಪದ್ಯ ಬಿಡಲಿಲ್ಲ. ಬಿಟ್ಟರೆ ಆ ನಡೆ ಮತ್ತೆ ಸಿಕ್ಕೀತೋ ಇಲ್ಲವೋ ಎಂಬ ದಿಗಿಲು.