ನಿದ್ದೆ ಮಾಡಿದ ದಡ

ನಮ್ಮ ಆಟರ್ ಹೊಳೆಗೆ ಮಾನ ಮರ್ಯಾದೆ ಅಂತ ಏನೂ ಇಲ್ಲ. ಹೋದ ವರ್ಷ ಮಾರ್ಚಿನಲ್ಲಿ ಹಿಮ ಕರಗಿ ಪ್ರವಾಹ ಬಂದಾಗ, ಕೊಪೆಟ್ಸ್ಕಿಯವರ ಜಮೀನನ್ನು ಬಳಸಿಕೊಂಡು ಹೋಗುತ್ತಿದ್ದ ದೊಡ್ಡ ತಿರುವನ್ನು ಬಿಟ್ಟು, ಅಡ್ಡದಾರಿ ಹಿಡಿದು, ನೆಟ್ಟಗೆ ಅವರ ಕೊಟ್ಟಿಗೆಯ ಹಿಂದಿನಿಂದ ಹರಿದುಬಿಟ್ಟಿತು. ಬೋಹುಮಿಲ್ ಕೊಪೆಟ್ಸ್ಕಿ ಬೆಳಿಗ್ಗೆ ಹಾಲು ಕರೆಯೋಕೆ ಹೋದರೆ ಹೊಳೆ ಹಿತ್ತಲಿಗೆ ಬಂದು ಕೂತಿದೆ! ಮನೆ, ಹಂದಿ, ಹಸು, ಮೆಕ್ಕೆಜೋಳದ ಹೊಲ, ಮಗ ಎಮಿಲ್, ಎಲ್ಲ ಇದ್ದಲ್ಲೇ ಇದ್ದವು. ಆದರೆ ನಿನ್ನೆವರೆಗೆ ಆಚೆ ದಡದವರಾಗಿದ್ದವರು ಇವತ್ತು ಈಚೆ ದಡದವರಾಗಿದ್ದರು.

ಬೇರೆ ಕಡೆ ಇದೊಂದು ದೊಡ್ಡ ವಿಷಯವೇ ಅಲ್ಲ. ನಮ್ಮ ಹ್ಯಾಡ್ಲಿ ಕೌಂಟಿಯಲ್ಲಿ ಮಾತ್ರ ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿಲ್ಲ. ಈಚೆ ದಡದಲ್ಲಿ ನಮ್ಮೂರು ಆರ್ಡಲ್, ಆಚೆ ದಡದಲ್ಲಿ ಫೋರ್ಕ್ಸ್. ನಮ್ಮ ಹಿರಿಯರು ನಾರ್ವೆಯಿಂದ ಬಂದವರು, ಅವರ ಹಿರಿಯರು ಬೊಹೀಮಿಯಾದಿಂದ. ಕೌಂಟಿ ಕಚೇರಿ ಮೊದಲು ಇದ್ದದ್ದು ನಮ್ಮಲ್ಲಿ. ಒಂದು ಭಾನುವಾರ ನಮ್ಮವರು ಚರ್ಚಿನೊಳಗೆ ಕಣ್ಣು ಮುಚ್ಚಿಕೊಂಡು ಪ್ರಾರ್ಥನೆ ಮಾಡುತ್ತಿದ್ದಾಗ, ಫೋರ್ಕ್ಸಿನ ಪುಣ್ಯಾತ್ಮರು ಗಾಡಿ ಕಟ್ಟಿಕೊಂಡು ಬಂದು ಕಚೇರಿಯ ಕಾಗದ, ಕುರ್ಚಿ, ಒಲೆ, ಕೊನೆಗೆ ಗುಮಾಸ್ತನನ್ನೂ ಹೇರಿಕೊಂಡು ಹೋದರು. ಸಾಲದ್ದಕ್ಕೆ, ನಮ್ಮ ಚರ್ಚಿಗೆ ಅಂತ ರೈಲಿನಲ್ಲಿ ಬಂದು ಕಚೇರಿ ಅಂಗಳದಲ್ಲಿ ಇಳಿದಿದ್ದ ಹೊಸ ಗಂಟೆಯನ್ನೂ ಬಿಡಲಿಲ್ಲ.

ಕಚೇರಿ ಹಾಳಾಗಿ ಹೋಗಲಿ, ಗಂಟೆ ಬಿಡಲ್ಲ ಅಂತ ನಮ್ಮವರು ಪಟ್ಟು ಹಿಡಿದರು. ಎರಡೂ ಊರಿನ ಪಾದ್ರಿಗಳು ಸೇರಿ ಒಂದು ತೀರ್ಮಾನ ಮಾಡಿದರು. ಪ್ರತಿ ಜುಲೈನಲ್ಲಿ ಹೊಳೆಗೆ ಅಡ್ಡಲಾಗಿ ಹಗ್ಗಜಗ್ಗಾಟ. ಗೆದ್ದವರಿಗೆ ಒಂದು ವರ್ಷ ಗಂಟೆ. ಸೋತವರು ನೀರಿಗೆ ಬಿದ್ದು ಎದ್ದು, ಗೆದ್ದವರಿಗೆ ಅಡುಗೆ ಮಾಡಿ ಬಡಿಸಬೇಕು. ದುಡ್ಡು ಕೊಟ್ಟು ಹೊರಗಿನ ಜಟ್ಟಿಗಳನ್ನು ತರಿಸಬಾರದಲ್ಲ, ಅದಕ್ಕೆ ಇನ್ನೊಂದು ನಿಯಮ: ಹಿಂದಿನ ರಾತ್ರಿ ಯಾವ ದಡದಲ್ಲಿ ನಿದ್ದೆ ಮಾಡಿದರೋ, ಆ ದಡದ ಕಡೆಗೇ ಎಳೆಯಬೇಕು.

ನಾನು ಹಿಲ್ಮಾ. ಆರ್ಡಲ್ ಕಡೆ ಹಗ್ಗದ ಮುಂದೆ ನಿಂತು ಕೂಗು ಹಾಕುವವಳು ನಾನೇ. ನಾನು "ಹೋ" ಅಂದರೆ ಉಸಿರು ಎಳೆದುಕೊಳ್ಳಬೇಕು, "ಹೊಯ್" ಅಂದರೆ ಹಗ್ಗ ಎಳೆಯಬೇಕು. ಇಷ್ಟು ವರ್ಷ ಕೂಗಿ ಗಂಟಲು ಹರಿದುಕೊಂಡರೂ ಗೆದ್ದಿದ್ದು ಅಪರೂಪ. ನನ್ನ ಮದುವೆಯ ವರ್ಷವೂ ಸೋತಿದ್ದೆವು. ಗಂಟೆಯಿಲ್ಲದ ಮದುವೆಗೆ ನನ್ನ ಮೈದುನ ಚರ್ಚಿನ ಬಾಗಿಲಲ್ಲಿ ನಿಂತು ಸೌಟಿನಿಂದ ಹಾಲಿನ ಕ್ಯಾನು ಬಡಿದ! ಇವತ್ತಿಗೂ ಹಾಲಿನ ಕ್ಯಾನು ನೋಡಿದರೆ ನನಗೆ ಮೈ ಉರಿಯುತ್ತದೆ.

ಹೊಳೆ ದಾರಿ ಬದಲಿಸಿದ ಆ ವರ್ಷವೇ ನನ್ನ ಮಗಳು ಸಿಗ್ನೆಗೆ ಸೆಪ್ಟೆಂಬರಿನಲ್ಲಿ ನಮ್ಮ ಚರ್ಚಿನಲ್ಲೇ ಮದುವೆ ಅಂತ ನಿಶ್ಚಯವಾಗಿತ್ತು. ವರ ಬೇರೆ ಯಾರೂ ಅಲ್ಲ, ಎಮಿಲ್ ಕೊಪೆಟ್ಸ್ಕಿ. ಅವಳ ಮದುವೆಗೆ ಗಂಟೆ ಬಾರಿಸಲೇಬೇಕು ಅಂತ ನಾನು ಹಟ ತೊಟ್ಟಿದ್ದೆ. ಆ ಅಪ್ಪ ಮಗ ಇಬ್ಬರೇ ಫೋರ್ಕ್ಸಿನ ಬಲ. ಇಬ್ಬರನ್ನೂ ಹೊಳೆ ಎತ್ತಿ ನಮ್ಮ ಮಡಿಲಿಗೆ ಹಾಕಿತ್ತು. ಪ್ರವಾಹ ಬಂದ ಆ ವಾರವೆಲ್ಲ ನಾನು ಅಡುಗೆಮನೆಯಲ್ಲಿ ಹಾಡಿಕೊಂಡೇ ಓಡಾಡಿದೆ.

ಹಗ್ಗಜಗ್ಗಾಟದ ಹಿಂದಿನ ದಿನ ಬೋಹುಮಿಲ್ ಬಂದು ನಮ್ಮ ಗೇಟಿನ ಹತ್ತಿರ ನಿಂತರು. ಹೆಂಡತಿ ಹೋದಮೇಲೆ ಆ ಮನುಷ್ಯ ಇನ್ನೂ ಮೊಂಡಾಗಿದ್ದರು.

"ಬೀಗಿತ್ತಿಯೋರೇ, ಎಮಿಲ್ ನಿಮ್ಮ ಕಡೆ ಎಳೀತಾನಂತೆ. ಎಳೀಲಿ, ಹುಡುಗ ಪ್ರೀತಿಲಿ ಬಿದ್ದವ್ನೆ. ನಾನು ಮಾತ್ರ ಫೋರ್ಕ್ಸಿನೋನೇ. ಇವತ್ತು ಆಚೆ ದಡದಲ್ಲಿ ಹುಲ್ಲುಗಾಡಿ ಮೇಲೆ ಮಲಗ್ತೀನಿ."

"ಹೊಳೆನೇ ನಿಮ್ಮನ್ನ ಇತ್ಲಾಗೆ ತಂದು ಬಿಟ್ಟಿದೆಯಲ್ರೀ!"

"ಹೊಳೆ ಹೇಳ್ದಂಗೆ ಕೇಳೋಕೆ ನಾನೇನು ಮೀನಾ?"

"ದಿಂಬಿಲ್ದೆ ನಿಮಗೆ ನಿದ್ದೆ ಬರಲ್ಲ ಅಂತ ಊರಿಗೆಲ್ಲ ಗೊತ್ತು. ಮೆಲ್ಲಗೆ ಸೇತುವೆ ದಾಟಿ ಬಂದು ಮನೇಲಿ ಬಿದ್ಕೊಂಡು, ಬೆಳಿಗ್ಗೆ ಅಲ್ಲೇ ಮಲಗಿದ್ದೆ ಅಂತೀರ."

"ಅಷ್ಟು ಅನುಮಾನ ಇದ್ರೆ ಬಂದು ಕಾಯ್ಕೊಂಡು ಕೂತ್ಕೊಳ್ಳಿ!" ಅಂತ ಅವರು ತಿರುಗಿ ನೋಡದೆ ಹೊರಟರು.

ನನ್ನ ಹತ್ತಿರ ಹಾಗೆ ಸವಾಲು ಹಾಕಬಾರದು. ಕತ್ತಲಾಗುವ ಹೊತ್ತಿಗೆ ಮಡಚುವ ಕುರ್ಚಿ, ಫ್ಲಾಸ್ಕಿನಲ್ಲಿ ಕಾಫಿ ತಗೊಂಡು ಸೇತುವೆ ದಾಟಿದೆ. ನನ್ನ ಗಂಡ ಆರ್ನೆ, "ಬೇಡ ಕಣೇ, ನಿನಗೆ ಕೂತಲ್ಲೇ ತೂಕಡಿಕೆ" ಅಂದ. ಅವನ ಮಾತು ನಾನು ಯಾವತ್ತು ಕೇಳಿದ್ದೇನೆ?

ದೊಡ್ಡ ಕಾಟನ್‌ವುಡ್ ಮರದ ಕೆಳಗೆ ಬೋಹುಮಿಲ್ ಗಾಡಿ ನಿಲ್ಲಿಸಿದ್ದರು. ನನ್ನನ್ನು ನೋಡಿ ನಗಾಡಿದರು, ಪ್ಲಮ್ ಹಣ್ಣು ತುಂಬಿದ ಬನ್ನು ಕೊಟ್ಟರು. ನಾನು ಕಾಫಿ ಕೊಟ್ಟೆ. ಇಬ್ಬರೂ ಸೊಳ್ಳೆ ಹೊಡೆದುಕೊಂಡು, ಮದುವೆಗೆ ಹಂದಿ ಹುರಿಯೋದೋ ಬಾತುಕೋಳಿನೋ ಅಂತ ಜಗಳ ಆಡಿದೆವು. ಬಾತುಕೋಳಿ ಅಂತ ಅವರು ಇನ್ನೂ ವಾದಿಸುತ್ತಿದ್ದರು, ಅಷ್ಟು ನನಗೆ ನೆನಪಿದೆ.

ಕಣ್ಣು ಬಿಟ್ಟರೆ ಬೆಳಕು ಹರಿದಿತ್ತು. ನನ್ನ ಮೈಮೇಲೆ ಅವರ ಕಂಬಳಿ. ಬೋಹುಮಿಲ್ ಗಾಡಿಯ ತುದಿಯಲ್ಲಿ ಕೂತು, ಹೊಟ್ಟೆ ಹಿಡಿದುಕೊಂಡು, ಶಬ್ದ ಬಾರದ ಹಾಗೆ ನಗುತ್ತಿದ್ದರು.

"ಅಯ್ಯೋ, ನನ್ನ ಬುದ್ಧಿಗಿಷ್ಟು!" ಅಂತ ಹಣೆ ಚಚ್ಚಿಕೊಂಡೆ.

ಹೊಳೆ ಹತ್ತಿರ ಎರಡೂ ಊರು ಸೇರಿದವು. ತೀರ್ಪು ಹೇಳುವವನು ಕ್ಷೌರದ ಓಟಿಸ್. ಎರಡೂ ಊರಿನ ಗಡ್ಡ ಅವನ ಕೈಯಲ್ಲೇ ಇರುವುದರಿಂದ ಅವನನ್ನು ಯಾರೂ ಎದುರು ಹಾಕಿಕೊಳ್ಳುವುದಿಲ್ಲ. ಅವನು ಒಬ್ಬೊಬ್ಬರನ್ನೇ "ಎಲ್ಲಿ ಮಲಗಿದ್ರಿ?" ಅಂತ ಕೇಳುತ್ತಾ ನನ್ನ ಹತ್ತಿರ ಬಂದ.

"ಅವಳು ಮಲಗಲಿಲ್ಲಪ್ಪ, ಕೂತಿದ್ಲು" ಅಂದ ಆರ್ನೆ ಥಟ್ಟನೆ.

ಬೋಹುಮಿಲ್ ಆಕಾಶ ನೋಡುತ್ತಾ, "ನಾನಂತೂ ಏನೂ ನೋಡ್ಲಿಲ್ಲ, ಮಲಗಿದ್ದೆ" ಅಂದರು. ಪಾಪ, ದೊಡ್ಡ ಮನಸ್ಸು ಮಾಡಿದರು. ಸಿಗ್ನೆ ನನ್ನನ್ನೇ ನೋಡುತ್ತಿದ್ದಳು. ಹೂಂ ಅಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಫೋರ್ಕ್ಸಿನವರನ್ನು ಇಷ್ಟು ವರ್ಷ ಗಂಟೆ ಕಳ್ಳರು ಅಂತ ಬೈದುಕೊಂಡು ಬಂದವಳು ನಾನು. ಅದೇ ಬಾಯಲ್ಲಿ ಸುಳ್ಳು ಹೇಗೆ ಹೇಳಲಿ?

"ಆಚೆ ದಡದಲ್ಲೇ ನಿದ್ದೆ ಮಾಡ್ದೆ ಓಟಿಸ್. ಗೊರಕೆನೂ ಹೊಡೆದಿರಬೇಕು" ಅಂದೆ.

ಫೋರ್ಕ್ಸಿನ ಕಡೆಯಿಂದ ಎದ್ದ ನಗು ಇನ್ನೂ ನನ್ನ ಕಿವಿಯಲ್ಲಿದೆ. ಸಿಗ್ನೆಯ ಮುಖ ಬಾಡಿತು. ನಾನು ಸೇತುವೆ ದಾಟಿ ಹೋಗಿ ಅವರ ಹಗ್ಗದ ತೀರಾ ಮುಂದಿನ ಜಾಗ ಹಿಡಿದೆ. ಎಲ್ಲರಿಗಿಂತ ಹಿಂದೆ ಸೊಂಟಕ್ಕೆ ಹಗ್ಗ ಸುತ್ತಿಕೊಂಡು ಬೋಹುಮಿಲ್. ಹೊಳೆಯಾಚೆ ನನ್ನೆದುರಿಗೆ ಎಮಿಲ್, ಅವನ ಹಿಂದೆ ನನ್ನ ಮಗಳು, ನನ್ನ ಗಂಡ, ನನ್ನೂರು.

ಓಟಿಸ್ ಟೋಪಿ ಬೀಸಿದ. ಹಗ್ಗ ಬಿಗಿಯಿತು. ಆಗ ನನ್ನ ತಲೆಯಲ್ಲಿ ಒಂದು ಯೋಚನೆ ಬಂದದ್ದು ನಿಜ. ಬೆರಳು ಒಂಚೂರು ಸಡಿಲ ಬಿಟ್ಟರೆ ಯಾರಿಗೆ ಗೊತ್ತಾಗುತ್ತೆ? ಆಮೇಲೆ ಅಂದುಕೊಂಡೆ, ಹಾಗೆ ಬಂದ ಗಂಟೆ ಬಾರಿಸಿದಾಗಲೆಲ್ಲ ನನ್ನನ್ನೇ ಬಯ್ಯುತ್ತೆ. ಹಿಮ್ಮಡಿ ಮಣ್ಣಿಗೆ ಊರಿ, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಎಳೆದೆ.

"ಅಮ್ಮಾ, ಬಿಡಮ್ಮಾ!" ಅಂತ ಸಿಗ್ನೆ ಕಿರುಚಿದಳು.

"ಬಾಯಿ ಮುಚ್ಕೊಂಡು ಎಳಿಯೇ ನೀನು!" ಅಂತ ನಾನೂ ಕಿರುಚಿದೆ.

ಆರ್ಡಲ್ ಕಡೆ ಕೂಗು ಹಾಕುವವರೇ ಇಲ್ಲದೆ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಎಳೆಯುತ್ತಿದ್ದರು. ಹಗ್ಗ ಸರಸರ ಫೋರ್ಕ್ಸಿನ ಕಡೆಗೆ ಬರತೊಡಗಿತು. ಎಮಿಲ್‌ನ ಬೂಟು ಆಗಲೇ ನೀರು ಮುಟ್ಟಿತ್ತು. ಇನ್ನೊಂದೆರಡು ಸಲ ಎಳೆದರೆ ಮುಗಿಯಿತು. ಮುಗಿಸೋಣ ಅಂತ ನಾನು, ಬೇಕಂತ ಅಲ್ಲ, ಬರೀ ಅಭ್ಯಾಸಬಲದಿಂದ, ಎದೆ ತುಂಬಾ ಉಸಿರು ಎಳೆದು ಕೂಗಿದೆ:

"ಹೋ... ಹೊಯ್!"

ನನ್ನ ಹಿಂದಿದ್ದ ಫೋರ್ಕ್ಸಿನವರಿಗೆ ಆ ಕೂಗಿನ ತಲೆಬುಡ ತಿಳಿಯಲಿಲ್ಲ, ಇವಳಿಗೇನಾಯ್ತು ಅಂತ ನನ್ನನ್ನೇ ನೋಡಿದರು. ಎದುರು ದಡದಲ್ಲಿ ಮಾತ್ರ, ನನ್ನ ಗಂಟಲು ಕೇಳಿಯೇ ಬೆಳೆದ ಆರ್ಡಲ್ಲಿನ ಜನ ಒಟ್ಟಿಗೇ ಉಸಿರು ತಗೊಂಡು, ಒಟ್ಟಿಗೇ ಬಗ್ಗಿ, ಒಟ್ಟಿಗೇ ಎಳೆದರು. ನಾನು ಗಾಬರಿಯಾಗಿ ಬಾಯಿ ಮುಚ್ಚಿದೆ. ಅಷ್ಟರಲ್ಲಿ ಸಿಗ್ನೆ ಆ ಕೂಗನ್ನು ಎತ್ತಿಕೊಂಡಿದ್ದಳು. "ಹೋ... ಹೊಯ್!" ಥೇಟ್ ನನ್ನ ಗಂಟಲು! ಮುಂದಿನ ಗಳಿಗೆಯಲ್ಲಿ ನಾನು ಮೂಗಿನವರೆಗೂ ಆಟರ್ ಹೊಳೆಯೊಳಗಿದ್ದೆ, ನನ್ನ ಮೇಲೆ ಅರ್ಧ ಫೋರ್ಕ್ಸ್ ಬಿದ್ದಿತ್ತು.

ಮೇಲೆ ಬಂದಾಗ ದೊಡ್ಡ ಗಲಾಟೆ. "ಮೋಸ! ಈ ಹೆಂಗಸು ಕೂಗಿ ಕೆಡಿಸಿದ್ಲು!" ಅಂತ ಫೋರ್ಕ್ಸಿನವರು. ಬೋಹುಮಿಲ್ ನೀರು ಸುರಿಸಿಕೊಂಡೇ ಬಂದು ನನ್ನ ಎರಡೂ ಕೈ ಹಿಡಿದು ಅಂಗೈ ಮೇಲೆ ಮಾಡಿದರು. ಚರ್ಮ ಕಿತ್ತು ರಕ್ತ ಬರುತ್ತಿತ್ತು.

"ನೋಡ್ರೋ ಇಲ್ಲಿ. ನಿಮ್ಮಲ್ಲಿ ಯಾವನ ಕೈ ಹಿಂಗಾಗಿದೆ, ತೋರ್ಸಿ ನೋಡೋಣ" ಅಂದರು. ಓಟಿಸ್ ಟೋಪಿಯನ್ನು ಆರ್ಡಲ್ ಕಡೆ ಎಸೆದ.

ಗೆದ್ದವರು ನಮ್ಮೂರವರು, ಸೋತವಳು ನಾನು. ಒದ್ದೆ ಬಟ್ಟೆಯಲ್ಲೇ, ಕೈಗೆ ಬಟ್ಟೆ ಸುತ್ತಿಕೊಂಡು, ಫೋರ್ಕ್ಸಿನ ಹೆಂಗಸರ ಜೊತೆ ಆಲೂಗಡ್ಡೆ ಬೇಯಿಸಿ ನನ್ನ ಗಂಡನಿಗೇ ಬಡಿಸಿದೆ. "ಇನ್ನೊಂಚೂರು ಸಾರು ಹಾಕಮ್ಮ, ಸೋತವಳೇ" ಅಂದ. ಸೌಟು ತಲೆ ಮೇಲೆ ಕುಕ್ಕೋಣ ಅನ್ನಿಸಿತು. ಆದರೆ ಅಷ್ಟು ಖುಷಿಯಿಂದ ನಾನು ಯಾವತ್ತೂ ಯಾರಿಗೂ ಬಡಿಸಿಲ್ಲ.

ಸೆಪ್ಟೆಂಬರಿನ ಮದುವೆ ದಿನ ಗಂಟೆ ನಮ್ಮ ಚರ್ಚಿನ ಮೇಲಿತ್ತು. ಅದು ಭಾರೀ ಗಂಟೆ, ಒಬ್ಬರಿಂದ ಆಗುವುದಿಲ್ಲ. ನಾನೂ ಬೋಹುಮಿಲ್ಲೂ ಮೇಲೆ ಹತ್ತಿ ಹಗ್ಗ ಹಿಡಿದೆವು.

"ಬೀಗ್ರೇ, ಮುಂದಿನ ಜುಲೈನಲ್ಲಿ ಎಲ್ಲಿ ಮಲಗ್ತೀರಿ?" ಅಂತ ಕೇಳಿದೆ.

"ಆಚೆ ದಡದಲ್ಲೇ, ಇದೇನು ಕೇಳೋ ಮಾತೇ? ನಿಮ್ಮ ಕುರ್ಚಿ ಮರದ ಕೆಳಗೇ ಇಟ್ಟಿದ್ದೀನಿ."

"ನಿಮ್ಮ ಮೊಂಡುತನಕ್ಕಿಷ್ಟು ಬೆಂಕಿ ಹಾಕ. ಎಳೀರಿ! ಹೋ..."

"ಹೊಯ್!" ಅಂದರು ಬೋಹುಮಿಲ್, ಸರಿಯಾದ ಗಳಿಗೆಗೆ.

ಗಂಟೆ ಬಾರಿಸಿತು. ಕಿಟಕಿಯಿಂದ ನೋಡಿದರೆ ಸಿಗ್ನೆ ಎಮಿಲ್‌ನ ಕೈ ಹಿಡಿದು ಮೆಟ್ಟಿಲ ಮೇಲೆ ನಿಂತು, ತಲೆ ಎತ್ತಿ, ಬಾಯಿ ತುಂಬಾ ನಗುತ್ತಿದ್ದಳು. ನನಗೆ ಅಳು ತಡೆಯಲಾಗಲಿಲ್ಲ, ತಡೆಯಲೂ ಇಲ್ಲ. ಕೆಳಗೆ ನನ್ನ ಮೈದುನ, ಯಾವುದಕ್ಕೂ ಇರಲಿ ಅಂತ ತಂದಿದ್ದ ಹಾಲಿನ ಕ್ಯಾನನ್ನು ಮತ್ತೆ ಲಾರಿಗೆ ಹಾಕುತ್ತಿದ್ದ.